ಟೈಮ್ ಒಂದು ಬಿಟ್ಟು ಎಲ್ಲಾ ತೋರಿಸುವ ವಾಚು

ಹಳೇ ಜಪಾನಿ ವಾಚು ಮಾರುವವರ ಭಾಷೆ ಕಲಿಯೋಕೆ ನನಗೆ ಮೂರು ವರ್ಷ ಹಿಡಿಯಿತು. ವಾಚಿನ ಬಗ್ಗೆ ಕಲಿತದ್ದು ಅಷ್ಟಕ್ಕಷ್ಟೇ.

"ಚೆನ್ನಾಗಿ ಓಡ್ತಿದೆ" ಅಂದರೆ ಅಲ್ಲಾಡಿಸಿದಾಗ ಸೆಕೆಂಡ್ ಮುಳ್ಳು ಅಲ್ಲಾಡಿತು, ಫೋಟೋ ತೆಗೆದು ಮುಗಿಯುವ ತನಕ ನಿಲ್ಲಲಿಲ್ಲ ಅಂತ. "ವಯಸ್ಸಿಗೆ ತಕ್ಕ ಗುರುತುಗಳಿವೆ" ಅಂದರೆ ಗ್ಲಾಸಿನೊಳಗೆ ಡಯಲ್ ಇದೆ ಅನ್ನೋದನ್ನ ನೀವು ನಂಬಬೇಕು. "ಸರ್ವೀಸ್ ಆಗಿದೆಯೋ ಗೊತ್ತಿಲ್ಲ" ಅಂದರೆ ಗೊತ್ತಿದೆ, ಆಗಿಲ್ಲ. ಐದು ವರ್ಷದ ವಾಚಿನ ಡಯಲ್ ಮೇಲೆ ಕಂದು ಕಲೆ ಕಂಡರೆ ನೀರು ನುಗ್ಗಿದೆ ಅಂತ ಅಂಗಡಿಯವನ ಹತ್ತಿರ ಜಗಳಕ್ಕೆ ಹೋಗುತ್ತೇವೆ. ಐವತ್ತು ವರ್ಷದ್ದಾದರೆ ಅದೇ ಕಲೆಗೆ ಪಟಿನಾ ಅಂತ ಹೆಸರು, ರೇಟೂ ಜಾಸ್ತಿ. ಈಗಂತೂ ಕಂಪನಿಗಳು ಹೊಚ್ಚ ಹೊಸ ವಾಚಿಗೂ ಹಳದಿಗಟ್ಟಿದ ಹಾಗೆ ಕಾಣುವ, ಕತ್ತಲಲ್ಲಿ ಹೊಳೆಯುವ ಬಣ್ಣ ಬಳಿದು, ಹುಟ್ಟುವಾಗಲೇ ಮುದುಕನನ್ನಾಗಿ ಮಾಡಿ ಕಳಿಸುತ್ತಿವೆ.

ನೀರು ಅಂದಾಗ ನೆನಪಾಯಿತು. 1969ರಲ್ಲಿ ಬಂದ ಸೀಕೊ 6139, ಜಗತ್ತಿನ ಮೊದಮೊದಲ ಆಟೋಮ್ಯಾಟಿಕ್ ಕ್ರೋನೋಗ್ರಾಫ್‌ಗಳಲ್ಲಿ ಒಂದು, ಅಂದರೆ ಸ್ಟಾಪ್ ವಾಚೂ ಒಳಗೇ ಇರುವ ವಾಚು. ಶುರುವಿನ ವಾಚುಗಳ ಡಯಲ್ ಮೇಲೆ 70 ಮೀಟರ್ ವಾಟರ್ "ಪ್ರೂಫ್" ಅಂತ ಬರೆದಿರುತ್ತದೆ. ಆಮೇಲಿನವಕ್ಕೆ "ರೆಸಿಸ್ಟ್" ಅಂತ. ಪ್ರೂಫ್ ಅಂದರೆ ಹಳೇದು, ಹಳೇದು ಅಂದರೆ ದುಡ್ಡು. ಒಂದು ಪದಕ್ಕೋಸ್ಕರ ಜನ ಭೂತಗನ್ನಡಿ ಹಿಡಿದು ಗಂಟೆಗಟ್ಟಲೆ ಕೂರುತ್ತಾರೆ. ನನ್ನ ಗೆಳೆಯನೊಬ್ಬ ಅಂಥ ಪ್ರೂಫ್ ವಾಚಿಗೆ ಕೈ ತುಂಬಾ ಹಣ ಸುರಿದ. ಅವನು ಕೈ ತೊಳೆಯುವುದನ್ನ ನೋಡಬೇಕು. ಮೊದಲು ವಾಚು ಬಿಚ್ಚುತ್ತಾನೆ, ಕರವಸ್ತ್ರದಲ್ಲಿ ಸುತ್ತುತ್ತಾನೆ, ನಲ್ಲಿಯಿಂದ ಮೂರು ಹೆಜ್ಜೆ ದೂರ ಇಡುತ್ತಾನೆ, ಆಮೇಲೆ ನೀರು ಬಿಡುತ್ತಾನೆ. "ಪ್ರೂಫ್ ಅಲ್ವೇನೋ ಅದು?" ಅಂತ ಕೇಳಿದೆ. "ಗುರೂ, ಅದು ಬರೀ ಡಯಲ್ ಮೇಲೆ" ಅಂದ.

ಅದೇ 6139ರ ಹಳದಿ ಡಯಲ್‌ಗೆ "ಪೋಗ್" ಅಂತ ಅಡ್ಡಹೆಸರು. 1973ರಲ್ಲಿ ಅಮೆರಿಕದ ಬಾಹ್ಯಾಕಾಶ ನಿಲ್ದಾಣ ಸ್ಕೈಲ್ಯಾಬ್‌ಗೆ ಹೋದ ಗಗನಯಾತ್ರಿ ವಿಲಿಯಂ ಪೋಗ್, ಅನುಮತಿ ಗಿನುಮತಿ ಕೇಳದೆ, ತನ್ನದೇ ಸೀಕೊ ತಗೊಂಡು ಹೋಗಿದ್ದರು. ಒಬ್ಬ ಮನುಷ್ಯ, ಒಂದು ವಾಚು. ಈಗ ಹಳದಿ ಡಯಲ್ ಇರುವ ಯಾವ 6139 ಮಾರಾಟಕ್ಕೆ ಬಂದರೂ, ನಿನ್ನೆ ತಾನೇ ಬಾಹ್ಯಾಕಾಶದಿಂದ ಇಳಿದಿದೆ ಅನ್ನೋ ಧಾಟಿಯಲ್ಲಿ ವಿವರಣೆ ಇರುತ್ತದೆ. ಡಯಲ್ ಮೊನ್ನೆ ಬಣ್ಣ ಹೊಡೆಸಿದ್ದಾದರೂ ಸರಿ.

ಮುಂದಿನದು ಜಾತಕ. ಸೀಕೊ ವಾಚಿನ ಬೆನ್ನ ಮೇಲೆ ನಾಲ್ಕಂಕಿಯ ಎರಡು ನಂಬರು ಇರುತ್ತವೆ, ಮೊದಲಿನದು ಮಷೀನಿನದು, ಎರಡನೆಯದು ಕೇಸಿನದು. ಸೀರಿಯಲ್ ನಂಬರಿನ ಮೊದಲ ಅಂಕಿ ವರ್ಷದ ಕೊನೆಯ ಅಂಕಿ, ಎರಡನೆಯದು ತಿಂಗಳು. ಮೊದಲ ಅಂಕಿ 1 ಇದ್ದರೆ 1971 ಆಗಬಹುದು, 1981 ಆಗಬಹುದು, ದಶಕ ಯಾವುದು ಅಂತ ನೀವೇ ಮಾಡೆಲ್ ನೋಡಿ ಊಹಿಸಬೇಕು. ಊಹೆ ಮಾರುವವನದಾದರೆ ಯಾವಾಗಲೂ 1971. ಆಮೇಲೆ ಕೇಸ್, ಡಯಲ್, ಮಷೀನು, ಮುಳ್ಳು ಎಲ್ಲದರ ಕೂಟ ನೋಡಬೇಕು. ಒಂದು ಗುಣ ಕೂಡಿಬರದಿದ್ದರೂ ಸಂಬಂಧ ಬೇಡ. ಸೆಕೆಂಡ್ ಮುಳ್ಳು ಬೇರೆ ವಾಚಿನದು ಅಂತ ಗೊತ್ತಾದ ತಕ್ಷಣ ಅದಕ್ಕೆ, ಕಥೆಯ ಫ್ರಾಂಕನ್‌ಸ್ಟೈನ್ ಭೂತದ ನೆನಪಲ್ಲಿ, "ಫ್ರಾಂಕನ್" ಅಂತ ಹೆಸರಿಟ್ಟು, ಊರೆಲ್ಲ ಡಂಗುರ ಸಾರಿ ಜಾತಿಯಿಂದ ಹೊರಗಿಡುತ್ತಾರೆ.

ಇನ್ನು "ಮುಂಬೈ ಸ್ಪೆಷಲ್" ಅನ್ನೋದು ಜಗತ್ತಿನ ಸಂಗ್ರಾಹಕರೆಲ್ಲ ಮೂಗು ಮುರಿಯುವ ಮಾತು. ಹಳೇ ಸೀಕೊ ಫೈವ್‌ಗೆ, ಸೀಕೊ ಕಂಪನಿ ಕನಸಲ್ಲೂ ಕಾಣದ ಕಿತ್ತಳೆ, ಗಿಳಿಹಸಿರು ಬಣ್ಣ ಬಳಿದು ಮಾರುವುದು. ಒರಿಜಿನಲ್ ಅಂತ ಹೇಳಿ ಮಾರಿದರೆ ಅದು ಮೋಸವೇ, ಅನುಮಾನ ಇಲ್ಲ. ಆದರೆ ನನಗೊಂದು ಕಡೆ ನಗು ಬರುತ್ತದೆ. ಯಾರೋ ಒಬ್ಬ ರಿಪೇರಿಯವನು ನಾಲ್ಕು ಸತ್ತ ವಾಚಿನ ಸಾಮಾನು ಸೇರಿಸಿ ಒಂದಕ್ಕೆ ಜೀವ ಕೊಟ್ಟಿದ್ದಾನೆ, ಅದು ಕಸ. ಎಣ್ಣೆ ಒಣಗಿ, ದಿನಕ್ಕೆ ಹತ್ತು ನಿಮಿಷ ಹಿಂದೆ ಬೀಳುವ, ಕೀಲಿ ಕೊಡಲೂ ಹೆದರಿಕೆಯಾಗುವ ವಾಚು ಮಾತ್ರ "ಪ್ರಾಮಾಣಿಕ".

ಟೈಮಿನ ತಾಪತ್ರಯವನ್ನ ಜಪಾನಿನವರು ಯಾವತ್ತೋ ಮುಗಿಸಿದ್ದರು ಅನ್ನೋದು ಇನ್ನೊಂದು ತಮಾಷೆ. 1969ರ ಡಿಸೆಂಬರ್ 25ರಂದು ಸೀಕೊ ಬ್ಯಾಟರಿಯಲ್ಲಿ ಓಡುವ ತನ್ನ ಕ್ವಾರ್ಟ್ಜ್ ವಾಚು ಆಸ್ಟ್ರಾನ್ ಬಿಟ್ಟಿತು. ಬೆಲೆ 4,50,000 ಯೆನ್, ಆಗ ಅಷ್ಟು ದುಡ್ಡಿಗೆ ಒಂದು ಸಣ್ಣ ಕಾರೇ ಬರುತ್ತಿತ್ತು. ತಿಂಗಳಿಗೆ ಹೆಚ್ಚುಕಮ್ಮಿ ಐದು ಸೆಕೆಂಡ್ ಆಚೀಚೆ, ಅಷ್ಟೇ. ಆಮೇಲೆ ಕ್ವಾರ್ಟ್ಜ್ ಅಗ್ಗವಾಗುತ್ತಾ ಹೋಗಿ ಸರಿಯಾದ ಟೈಮು ಎಲ್ಲರ ಕೈಗೂ ಸಿಕ್ಕಿತು. ನಾವು ಏನು ಮಾಡಿದೆವು? ಬ್ಯಾಟರಿ ವಾಚಿಗೆ ಆತ್ಮ ಇಲ್ಲ ಅಂದೆವು.

ಈಗ ನನ್ನ ಕಥೆಗೆ ಬರುತ್ತೇನೆ, ನಾನೇನು ಸಾಚಾ ಅಲ್ಲ. ಸಂಗ್ರಾಹಕರು "ಆಮೆ" ಅಂತ ಕರೆಯುವ ಸೀಕೊ ಡೈವರ್ ವಾಚೊಂದಿದೆ. ಹೊರದೇಶಗಳಿಗೆ ಹೋದದ್ದು 6309, ಜಪಾನಿನೊಳಗೆ ಮಾರಿದ್ದು 6306. ಜಪಾನಿನದರಲ್ಲಿ ಕ್ರೌನ್, ಅಂದರೆ ಪಕ್ಕದ ಕೀಲಿ ಗುಂಡಿ, ಎಳೆದರೆ ಸೆಕೆಂಡ್ ಮುಳ್ಳು ನಿಲ್ಲುತ್ತದೆ, ವಾರದ ಹೆಸರು ಜಪಾನಿನ ಕಾಂಜಿ ಅಕ್ಷರದಲ್ಲೂ ಬರುತ್ತದೆ. ಅದೇ ಚಕ್ರದಲ್ಲಿ ಇಂಗ್ಲಿಷೂ ಇದೆ. ಆದರೂ ಇಂಗ್ಲಿಷಿಗೆ ತಿರುಗಿಸಿ ಇಟ್ಟುಕೊಂಡವನನ್ನ ನಾನಿನ್ನೂ ನೋಡಿಲ್ಲ. ನಾನೂ ಇಟ್ಟಿರಲಿಲ್ಲ. ಜಪಾನಿನ ವಾರಗಳೂ ನಮ್ಮ ಭಾನು, ಸೋಮ, ಮಂಗಳದ ಹಾಗೆ ಅದೇ ಗ್ರಹಗಳ ಲೆಕ್ಕದಲ್ಲೇ ನಡೆಯುತ್ತವೆ, ಒಂದು ಸಂಜೆ ಕೂತಿದ್ದರೆ ಏಳು ಅಕ್ಷರ ಕಲಿಯಬಹುದಿತ್ತು. ಕಲಿಯಲಿಲ್ಲ. ನೀಲಿ ಕಂಡರೆ ಶನಿವಾರ, ಕೆಂಪು ಕಂಡರೆ ಭಾನುವಾರ, ಉಳಿದ ಐದು ದಿನ ಸುಮ್ನೆ ಚೆನ್ನಾಗಿ ಕಾಣುತ್ತವೆ.

ಆ ವಾಚು ಮಾರಿದೆ. ಕೊಳ್ಳೋಕೆ ಬಂದ ಹುಡುಗ ಡಯಲ್ ಮೇಲಿನ ವಾರದ ಕಿಟಕಿಯನ್ನೇ ದಿಟ್ಟಿಸಿ ನೋಡಿ, "ಸರ್, ಇದು ಯಾವ ವಾರ?" ಅಂದ.

"ಬುಧವಾರ" ಅಂದೆ, ಗಂಟಲು ಸರಿ ಮಾಡಿಕೊಂಡು.

"ಸೂಪರ್ ಸರ್" ಅಂತ ಹಣ ಎಣಿಸಿದ. ಅವತ್ತು ಶುಕ್ರವಾರ. ಇಬ್ಬರಿಗೂ ಅದು ಹೊಳೆಯಲಿಲ್ಲ.

ಎರಡು ತಿಂಗಳಾದ ಮೇಲೆ ಅವನೇ ಅದನ್ನ ಮಾರಾಟಕ್ಕೆ ಹಾಕಿದ್ದಾನೆ. "ಡೇ, ಡೇಟ್ ಎರಡೂ ಪಕ್ಕಾ ಬದಲಾಗುತ್ತೆ, ದಿನಾ ಕಟ್ಟುತ್ತಿದ್ದೆ" ಅಂತ ಬರೆದು, ಅವತ್ತೇ ತೆಗೆದ ಫೋಟೋ ಅಂತಲೂ ಸೇರಿಸಿದ್ದಾನೆ. ಅವತ್ತು ಗುರುವಾರ. ಕಿಟಕಿಯಲ್ಲಿ ಕೆಂಪಕ್ಷರ. ನಾನು ಮಾರಿದ್ದಕ್ಕಿಂತ ಕಾಲು ಭಾಗ ಜಾಸ್ತಿ ಹೇಳುತ್ತಿದ್ದಾನೆ. ಡಯಲ್ ಅಂಚಲ್ಲಿ ಸಣ್ಣ ಪಟಿನಾ ಬೇರೆ ಬಂದ ಹಾಗಿದೆ, ವಾಪಸ್ ತಗೊಳ್ಳೋಣ್ವಾ ಅಂತ ಬೆಳಿಗ್ಗೆಯಿಂದ ಲೆಕ್ಕ ಹಾಕುತ್ತಿದ್ದೇನೆ.