ನರಕ್ಕೊಂದು ಕ್ಯಾರೆಟ್

ಬೆಟ್ಟೆ, ರಾಶಿ, ಗೊರಬಲು ಎಂಬ ಅಡಿಕೆ ಬಗೆಗಳ ಧಾರಣೆ ಬಿಟ್ಟರೆ ಇನ್ನಾವ ಬೆಲೆಗೂ ತಲೆ ಕೆಡಿಸಿಕೊಳ್ಳದ ನಮ್ಮ ಪೇಟೆಯಲ್ಲಿ ಈಚೆಗೆ ಊಟಿ ಕ್ಯಾರೆಟ್ಟಿನ ಬೆಲೆ ಗಂಭೀರ ಚರ್ಚೆಯ ವಸ್ತುವಾಗಿದೆ. ವಿಟಮಿನ್ ‘ಎ’ಯಿಂದ ತುಂಡಾದ ನರ ಕೂಡುತ್ತದೆಂದು ಲಂಡನ್ನಿನವರು ಕಂಡುಹಿಡಿದಿದ್ದಾರೆ ಎಂಬ ವಾಟ್ಸ್ಆ್ಯಪ್ ಸಂದೇಶವೊಂದು ಆಗುಂಬೆಯ ಮಳೆಯಂತೆ ಬಿಡದೆ ಸುರಿದದ್ದೇ ಇದಕ್ಕೆ ಕಾರಣ. ಮಾರನೆಯ ವಾರದ ಸಂತೆಯಲ್ಲಿ ಒಂದು ಕ್ಯಾರೆಟ್ಟೂ ಉಳಿಯಲಿಲ್ಲ.

ಲಂಡನ್ನಿನ ಕಿಂಗ್ಸ್ ಕಾಲೇಜಿನವರು ಏನೂ ಮಾಡಿಲ್ಲವೆಂದು ನಾನು ಹೇಳುತ್ತಿಲ್ಲ. ವಿಟಮಿನ್ ‘ಎ’ಯಿಂದ ದೇಹ ತಯಾರಿಸಿಕೊಳ್ಳುವ ರೆಟಿನೋಯಿಕ್ ಆಮ್ಲಕ್ಕೆ ನರಗಳ ಬೆಳವಣಿಗೆಯಲ್ಲಿ ಪಾತ್ರವಿದೆ, ಅದು ಹೋಗಿ ಕೂರುವ ಗ್ರಾಹಕಗಳಲ್ಲಿ ‘ಬೀಟಾ’ ಎಂಬುದನ್ನು ಮಾತ್ರ ಎಬ್ಬಿಸುವ ಕೆಸಿಎಲ್-286 ಎಂಬ ನುಂಗುವ ಔಷಧವನ್ನು ಅವರು ರೂಪಿಸಿ, ಪ್ರಾಣಿಗಳಲ್ಲಿ ಆಶಾದಾಯಕ ಫಲಿತಾಂಶ ಕಂಡ ಮೇಲೆ, ಅದರ ಸುರಕ್ಷತೆಯನ್ನು 109 ಮಂದಿ ಪುರುಷರಲ್ಲಿ ಪರೀಕ್ಷಿಸಿ 2023ರಲ್ಲಿ ವರದಿ ಪ್ರಕಟಿಸಿದರು. ಆ 109 ಮಂದಿಯೂ ಗಟ್ಟಿಮುಟ್ಟಾದ ಆರೋಗ್ಯವಂತರು. ಔಷಧವನ್ನು ಮನುಷ್ಯನ ದೇಹ ತಾಳಿಕೊಳ್ಳುತ್ತದೆಯೇ ಎಂಬುದಷ್ಟೇ ಅಲ್ಲಿನ ಪ್ರಶ್ನೆಯಾಗಿತ್ತು. ಅಡಿಕೆ ಮರದಿಂದ ಬಿದ್ದವರ ಕಾಲು ಆಡುತ್ತದೆಯೇ ಎಂಬ ಪ್ರಶ್ನೆಯನ್ನು ಸಮುದ್ರ ದಾಟಿ ಬರುವಷ್ಟರಲ್ಲಿ ನಾವೇ ಸೇರಿಸಿಕೊಂಡು, ಉತ್ತರವನ್ನೂ ನಾವೇ ಬರೆದುಕೊಂಡೆವು.

ಆ ಔಷಧಕ್ಕೂ ಕ್ಯಾರೆಟ್ ಗಡ್ಡೆಗೂ ಇರುವ ನಂಟು ಬಹಳ ದೂರದ್ದು. ಕ್ಯಾರೆಟ್ಟಿನಲ್ಲಿರುವುದು ಬೀಟಾ ಕ್ಯಾರೋಟಿನ್. ಆಹಾರದ ಮೂಲಕ ಬರುವ ಅದರ 12 ಮೈಕ್ರೋಗ್ರಾಂ ಸೇರಿದರೆ ಒಂದು ಮೈಕ್ರೋಗ್ರಾಂ ರೆಟಿನಾಲ್‌ಗೆ, ಎಂದರೆ ಸಿದ್ಧ ವಿಟಮಿನ್ ‘ಎ’ಗೆ, ಸಮವೆಂಬ ಲೆಕ್ಕವಿದೆ, ಸಾಕಷ್ಟು ಸಂಗ್ರಹವಾದೊಡನೆ ದೇಹ ಅದನ್ನು ವಿಟಮಿನ್ನಾಗಿ ಮಾರ್ಪಡಿಸುವ ಕಾರ್ಖಾನೆಯ ಬಾಗಿಲು ಹಾಕತೊಡಗುತ್ತದೆ. ಆಮೇಲೂ ಚೀಲಗಟ್ಟಲೆ ತಿಂದವರ ಅಂಗೈ ಅಂಗಾಲು ಹಳದಿಗೆ ತಿರುಗಿ, ಅರಿಶಿನ ಶಾಸ್ತ್ರ ಮುಗಿಸಿದ ಮದುಮಕ್ಕಳಂತೆ ಕಾಣುತ್ತಾರೆ. ಇದೇ ಸತ್ವ ಕೆಸುವಿನ ಸೊಪ್ಪಿನಲ್ಲೂ ನುಗ್ಗೆ ಸೊಪ್ಪಿನಲ್ಲೂ ಧಾರಾಳವಾಗಿದೆಯಾದರೂ, ಹಿತ್ತಲಿನಲ್ಲಿ ತಾನಾಗಿ ಬೆಳೆಯುವುದನ್ನು ಔಷಧವೆಂದು ಒಪ್ಪಿಕೊಳ್ಳಲು ನಮಗೆ ಸಂಕೋಚ.

ಗಡ್ಡೆ ಸಾಲದೆಂದು ಗುಳಿಗೆಗೆ ಕೈ ಹಾಕಿದವರ ಕಥೆ ನಗುವಂಥದ್ದಲ್ಲ. ಹೆಚ್ಚಾದ ವಿಟಮಿನ್ ‘ಎ’ ಯಕೃತ್ತಿನಲ್ಲಿ ಶೇಖರವಾಗಿ ಅದನ್ನೇ ಕೆಡಿಸುತ್ತದೆ, ತಲೆಬುರುಡೆಯೊಳಗಿನ ಒತ್ತಡವನ್ನು ಏರಿಸುತ್ತದೆ, ಗರ್ಭಿಣಿಯರಲ್ಲಿ ಶಿಶುವಿನ ಅಂಗವೈಕಲ್ಯಕ್ಕೂ ದಾರಿ ಮಾಡುತ್ತದೆ. ಇದೇ ಬಳಗಕ್ಕೆ ಹತ್ತಿರದ ಬೆಕ್ಸರೊಟಿನ್ ಎಂಬ ಔಷಧವನ್ನು ಕೇಂಬ್ರಿಜ್ ಮತ್ತು ಎಡಿನ್‌ಬರೋದಲ್ಲಿ ನರಗಳ ಹೊದಿಕೆ ಸವೆಯುವ ಮಲ್ಟಿಪಲ್ ಸ್ಕ್ಲೆರೋಸಿಸ್ ರೋಗಿಗಳಿಗೆ ಆರು ತಿಂಗಳು ಕೊಟ್ಟು ನೋಡಿದಾಗ, ಹೊದಿಕೆ ಒಂದಿಷ್ಟು ದುರಸ್ತಿಯಾದ ಸೂಚನೆ ಸಿಕ್ಕಿತು. ಆದರೆ ಔಷಧ ಪಡೆದ ಪ್ರತಿಯೊಬ್ಬರ ಥೈರಾಯ್ಡ್ ಕುಸಿದದ್ದರಿಂದ, ಇದನ್ನು ಚಿಕಿತ್ಸೆಯಾಗಿ ಬಳಸಲಾಗದೆಂದು 2021ರಲ್ಲಿ ಆ ಸಂಶೋಧಕರೇ ಬರೆದರು. ಅಷ್ಟು ಪ್ರಾಮಾಣಿಕವಾಗಿ ಬರೆದುಕೊಂಡರೆ ನಮ್ಮ ಬಸ್ ನಿಲ್ದಾಣದ ಗೋಡೆಯ ಮೇಲಿನ ‘ನರಶಕ್ತಿ’ ಟಾನಿಕ್ಕು ಒಂದು ಬಾಟಲಿಯೂ ಖರ್ಚಾಗಲಿಕ್ಕಿಲ್ಲ. ಲಕ್ವ ವಾಸಿಮಾಡುತ್ತೇವೆಂದು ಜಾಹೀರಾತು ಕೊಡುವುದನ್ನು ನಿಷೇಧಿಸಿದ ಕಾಯ್ದೆ 1954ರಷ್ಟು ಹಳೆಯದು. ಆ ಗೋಡೆಯ ಸುಣ್ಣ ಅದಕ್ಕಿಂತ ಹೊಸದು.

ಇಷ್ಟೆಲ್ಲ ಆದ ಮೇಲೆ ಸಮಾರಂಭವಿಲ್ಲದಿದ್ದರೆ ಹೇಗೆ? ಶಾಮಿಯಾನ ಹಾಕಿ, ಬೆನ್ನುಹುರಿ ಜಖಂಗೊಂಡವರಿಗೆ ಉಚಿತ ಕ್ಯಾರೆಟ್ ವಿತರಣೆ ಏರ್ಪಾಡಾಯಿತು. ಫಲಾನುಭವಿಗಳಲ್ಲಿ ನಮ್ಮ ಕೊನೆಗೌಡರೂ ಒಬ್ಬರು. ಎರಡು ವರ್ಷದ ಹಿಂದೆ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು ಹತ್ತಿ, ಪಾಚಿಗಟ್ಟಿದ ಮರದಿಂದ ಜಾರಿ ಬಿದ್ದ ಅವರನ್ನು ನಾವೆಲ್ಲ ಸೇರಿ ಕಂಬಳಿಯಲ್ಲಿ ಮಡಚಿ ಎತ್ತಿ, ಪಿಕಪ್ಪಿನ ಮುಂದಿನ ಸೀಟಿನಲ್ಲಿ ನೆಟ್ಟಗೆ ಕೂರಿಸಿ, ಹೊಂಡಗುಂಡಿಗಳನ್ನು ಎಣಿಸುತ್ತ ಶಿವಮೊಗ್ಗಕ್ಕೆ ಒಯ್ದಿದ್ದೆವು. ಬೆನ್ನುಮೂಳೆ ಮುರಿದವರನ್ನು ಅಲುಗಿಸದೆ ಗಟ್ಟಿ ಹಲಗೆಯ ಮೇಲೆ ಮಲಗಿಸಿ ಸಾಗಿಸಬೇಕೆಂಬ ಸಂದೇಶ ಮಾತ್ರ ಇಂದಿಗೂ ಯಾರ ಮೊಬೈಲಿಗೂ ಬಂದಿಲ್ಲ.

ವೇದಿಕೆಗೆ ಐದು ಮೆಟ್ಟಿಲುಗಳಿದ್ದುದರಿಂದ ನಾಲ್ವರು ಹುಡುಗರು ಅವರನ್ನು ಗಾಲಿಕುರ್ಚಿ ಸಮೇತ ಹೊತ್ತು ಏರಿಸಿದರು. ಶಾಲು, ಹಾರ, ಎರಡು ಕಿಲೋ ಕ್ಯಾರೆಟ್ ಮಡಿಲಿಗೆ ಬಿದ್ದವು. ಫೋಟೋದವನು ಇನ್ನೊಮ್ಮೆ ನಗಲು ಹೇಳಿದಾಗ ಕೊನೆಗೌಡರು ಮೆಲ್ಲಗೆ, ‘ಅಧ್ಯಕ್ಷರೇ, ಮನೆ ಜಗಲಿಗೆ ನಾಲ್ಕು ಅಡಿಕೆ ದಬ್ಬೆ ಇಳಿಜಾರಾಗಿ ಹೊಡೆಸಿಕೊಟ್ಟಿದ್ದರೆ ಕುರ್ಚಿ ಒಳಗೆ ಹೋಗ್ತಿತ್ತು’ ಎಂದರು. ಅದು ಬೇರೆ ಇಲಾಖೆಗೆ ಬರುವ ವಿಷಯವೆಂದು ಅಧ್ಯಕ್ಷರು ಅಷ್ಟೇ ಮೆಲ್ಲಗೆ ತಿಳಿಸಿದರು.

ಕ್ಯಾರೆಟ್ಟನ್ನು ಗೌಡರ ಮನೆಯವರು ಕೊಟ್ಟಿಗೆಯ ಹಸುವಿಗೆ ಹಾಕಿದರು. ಹುಲ್ಲಿನ ಹಸುರಿನೊಡನೆ ಅದೂ ಸೇರಿಯೋ ಏನೋ, ಆ ವಾರದ ಬೆಣ್ಣೆ ಚಿನ್ನದಂತೆ ಹಳದಿಯಾಗಿತ್ತು. ಯೋಗಕ್ಷೇಮ ವಿಚಾರಿಸಲು ಬಂದ ಅಧ್ಯಕ್ಷರು ಅದನ್ನೇ ಅಕ್ಕಿರೊಟ್ಟಿಗೆ ದಪ್ಪನಾಗಿ ಸವರಿಕೊಂಡು ತಿಂದು, ಯೋಜನೆಯ ಫಲ ಕಾಣಿಸತೊಡಗಿದೆಯೆಂದು ಪತ್ರಿಕೆಗಳಿಗೆ ಹೇಳಿಕೆ ಕೊಟ್ಟಿದ್ದಾರೆ.