ಸತ್ಯಾಂಶ: ಕಾವಾಸಾಕಿ ಕಾಯಿಲೆ ಕೊರೊನಾದಿಂದ ಹುಟ್ಟಿದ್ದಲ್ಲ

‘ಜಪಾನಿನ ಕಾವಾಸಾಕಿ ನಗರದಲ್ಲಿ ಹುಟ್ಟಿದ, ಕೊರೊನಾದಿಂದ ಬಂದ ಹೊಸ ಸಾಂಕ್ರಾಮಿಕ ರೋಗ, ಮಕ್ಕಳನ್ನು ಶಾಲೆಗೆ ಕಳಿಸಬೇಡಿ’ ಎಂದು, ಮಕ್ಕಳ ರಕ್ತನಾಳಗಳಲ್ಲಿ ಉರಿಯೂತ ತರುವ ಕಾವಾಸಾಕಿ ಕಾಯಿಲೆಯ ಕುರಿತ ಸಂದೇಶ ಹುಬ್ಬಳ್ಳಿ-ಧಾರವಾಡದ ಪಾಲಕರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದರಲ್ಲಿ ಜಪಾನ್ ಎಂಬುದೊಂದೇ ಸರಿ.

ಕಾವಾಸಾಕಿ ಎಂಬುದು ಇಲ್ಲಿ ಊರಲ್ಲ, ಮಕ್ಕಳ ವೈದ್ಯ ತೊಮಿಸಾಕು ಕಾವಾಸಾಕಿ (1925–2020) ಅವರ ಹೆಸರು. ಟೋಕಿಯೊದ ರೆಡ್‌ಕ್ರಾಸ್ ಆಸ್ಪತ್ರೆಯಲ್ಲಿ 1961ರಲ್ಲಿ ಅವರು ನಾಲ್ಕು ವರ್ಷದ ಬಾಲಕನೊಬ್ಬನನ್ನು ಪರೀಕ್ಷಿಸಿದಾಗ, ಇಳಿಯದ ಜ್ವರ, ಕೀವಿಲ್ಲದೆ ಕೆಂಪಾದ ಕಣ್ಣು, ಒಡೆದ ತುಟಿ, ಸ್ಟ್ರಾಬೆರಿಯಂತೆ ಕೆಂಪಾದ ನಾಲಗೆ, ಮೈಮೇಲಿನ ದದ್ದು ಇವೆಲ್ಲ ತಿಳಿದಿದ್ದ ಯಾವ ರೋಗಕ್ಕೂ ಹೊಂದಲಿಲ್ಲ. ಹೊಂದದ್ದನ್ನು ಹೊಂದಿಸಲು ಹೋಗದೆ, ಅಂಥವೇ ಪ್ರಕರಣಗಳನ್ನು ತಾಳ್ಮೆಯಿಂದ ಕಲೆಹಾಕಿದ್ದೇ ಅವರ ಹೆಚ್ಚುಗಾರಿಕೆ. 1967ರಲ್ಲಿ 50 ಮಕ್ಕಳ ವಿವರವನ್ನು ಜಪಾನಿ ಭಾಷೆಯಲ್ಲಿ ಪ್ರಕಟಿಸಿದರು. ಇಂಗ್ಲಿಷಿಗೆ ಅದು ಬಂದದ್ದು 1974ರಲ್ಲಿ.

ಈ ಕಾಯಿಲೆ ಮಗುವಿನಿಂದ ಮಗುವಿಗೆ ಅಂಟುವುದಿಲ್ಲ. ಅಪಾಯವಿರುವುದು ಹೃದಯದಲ್ಲಿ: ಚಿಕಿತ್ಸೆ ಸಿಗದ ಸುಮಾರು ನಾಲ್ವರಲ್ಲಿ ಒಂದು ಮಗುವಿಗೆ ಹೃದಯಕ್ಕೆ ರಕ್ತ ಒಯ್ಯುವ ಕೊರೊನರಿ ನಾಳಗಳು ಉಬ್ಬಿ ಹಾನಿಯಾಗಬಹುದು. ಜ್ವರ ಬಂದ 10 ದಿನಗಳೊಳಗೆ ಇಮ್ಯುನೊಗ್ಲಾಬ್ಯುಲಿನ್ (ದಾನಿಗಳ ರಕ್ತದಿಂದ ತೆಗೆದ ಪ್ರತಿಕಾಯಗಳ ಔಷಧ) ಕೊಟ್ಟರೆ ಆ ಸಂಭವ ಬಹಳ ತಗ್ಗುತ್ತದೆ. ಆದ್ದರಿಂದ ಐದು ದಿನ ಬಿಡದ ಜ್ವರದೊಂದಿಗೆ ಈ ಚಿಹ್ನೆಗಳಿದ್ದರೆ, ದಡಾರವೆಂದು ಮನೆಮದ್ದಿನಲ್ಲಿ ದಿನ ಕಳೆಯದೆ, ತಡವಾಗಿ ಕಾಣುವ ಚಿಹ್ನೆಯಾದ ಬೆರಳ ತುದಿಯ ಚರ್ಮ ಸುಲಿಯುವಿಕೆಯವರೆಗೂ ಕಾಯದೆ, ಮಕ್ಕಳ ತಜ್ಞರಿಗೆ ತೋರಿಸಬೇಕು.

ಗೊಂದಲದ ಮೂಲ 2020ರದು. ಕೋವಿಡ್ ಬಂದುಹೋದ ಕೆಲವು ಮಕ್ಕಳಲ್ಲಿ ಇದನ್ನು ಹೋಲುವ ಉರಿಯೂತ ಕಂಡಿತ್ತು. ವೈದ್ಯರು ಅದಕ್ಕೆ ಎಂಐಎಸ್-ಸಿ (ಮಕ್ಕಳಲ್ಲಿ ಹಲವು ಅಂಗಗಳಿಗೆ ತಗಲುವ ಉರಿಯೂತ) ಎಂಬ ಬೇರೆಯೇ ಹೆಸರಿಟ್ಟಿದ್ದಾರೆ.