12 ನಿಮಿಷ ಉದ್ದವೇನಲ್ಲ

'ರೀಲ್ಸ್ ಕಾಲದಲ್ಲಿ 12 ನಿಮಿಷದ ರಾಕ್ ಹಾಡನ್ನು ಯಾರು ಕೇಳುತ್ತಾರೆ' ಎಂದು ಬರೆದಿದ್ದೀರಿ. ನಾನು ಕೇಳುತ್ತೇನೆ ಸರ್, ದಿನವೂ, ಮಂಗಳೂರಿನ ಸುರತ್ಕಲ್‌ನಿಂದ ಹಂಪನಕಟ್ಟೆಗೆ ಬರುವ ಬಸ್ಸಿನಲ್ಲಿ.

ಅಮೆರಿಕದ ರಾಕ್ ತಂಡ ಕಾರ್ ಸೀಟ್ ಹೆಡ್‌ರೆಸ್ಟ್‌ನ 'ಬೀಚ್ ಲೈಫ್ ಇನ್ ಡೆತ್' ಹಾಡನ್ನೇ ತೆಗೆದುಕೊಳ್ಳಿ. ತಂಡ ಕಟ್ಟಿದ ಗಾಯಕ ವಿಲ್ ಟೊಲೆಡೊ 2011ರಲ್ಲಿ ಈ 12 ನಿಮಿಷದ ಹಾಡನ್ನು ತಾನೇ ರೆಕಾರ್ಡ್ ಮಾಡಿ, ಕಲಾವಿದರು ತಮ್ಮ ಹಾಡುಗಳನ್ನು ನೇರವಾಗಿ ಹಾಕುವ ಬ್ಯಾಂಡ್‌ಕ್ಯಾಂಪ್ ಜಾಲತಾಣಕ್ಕೆ ಹಾಕಿದ. ಮೊದಮೊದಲು ಯಾರ ಕಿವಿಗೂ ಬೀಳದಂತೆ ಕಾರಿನ ಹಿಂದಿನ ಸೀಟಿನಲ್ಲಿ ಕೂತು ಹಾಡುತ್ತಿದ್ದ, ತಂಡಕ್ಕೆ ಹೆಸರು ಬಂದದ್ದೇ ಅಲ್ಲಿಂದ. 2018ರಲ್ಲಿ ಆ ಹಾಡಿದ್ದ ಇಡೀ ಆಲ್ಬಂ ಅನ್ನು ತಂಡದೊಂದಿಗೆ ಮತ್ತೆ ರೆಕಾರ್ಡ್ ಮಾಡಿ, ಮ್ಯಾಟಡೋರ್ ಎಂಬ ಸಂಗೀತ ಸಂಸ್ಥೆಯ ಮೂಲಕ ಹೊರತಂದ. ಆಗಲೂ ಹಾಡಿಗೆ ಕತ್ತರಿ ಬೀಳಲಿಲ್ಲ, 13 ನಿಮಿಷ ದಾಟಿತು!

ನಾವೂ ಕಳೆದ ಮಳೆಗಾಲ ಪಣಂಬೂರಿನ ಹತ್ತಿರ ಗೆಳೆಯನ ಆಲ್ಟೋದಲ್ಲಿ ಕೂತು ಒಂದು ಹಾಡು ರೆಕಾರ್ಡ್ ಮಾಡಿದೆವು. ಗಾಜು ಏರಿಸಿದರೆ ಸೆಕೆ, ಇಳಿಸಿದರೆ ಕಡಲಿನ ಸದ್ದು. ಮೈಕಿಗೆ ಬೈರಾಸ ಸುತ್ತಿದರೂ ಕಾರಿನ ಮೇಲೆ ಮಳೆ ಬಿದ್ದದ್ದು ಹಾಡಿನಲ್ಲಿ ಉಳಿದುಬಿಟ್ಟಿದೆ, ತೆಗೆಯಲು ಮನಸ್ಸಾಗಲಿಲ್ಲ. ಒಟ್ಟು 9 ನಿಮಿಷ. ಒಂದು ಕಾಲೇಜು ಉತ್ಸವದವರು 4ಕ್ಕೆ ಇಳಿಸಿ ಎಂದರು. ಇಳಿಸಿದೆವು, ಹಾಡಿನ ಜೀವವೇ ಹೋಯಿತು. ಆರನೇ ನಿಮಿಷದಲ್ಲಿ ಡ್ರಮ್ ಏರುವುದು ಅಲ್ಲಿಯವರೆಗೆ ಕಾದವರಿಗೆ ಮಾತ್ರ ತಟ್ಟುತ್ತದೆ. ನಮ್ಮೂರಿಗೆ ಇದನ್ನು ಹೇಳಿಕೊಡಬೇಕೇ? ಬೆಳಗಿನ ಜಾವ ಚೆಂಡೆಯ ಪೆಟ್ಟು ಏರುವಾಗ ಮೈ ಜುಮ್ಮೆನ್ನುವುದು ರಾತ್ರಿಯಿಡೀ ಬಯಲಾಟದ ಮುಂದೆ ಕೂತವರಿಗೆ ಗೊತ್ತು.

ಒಮ್ಮೆ ಹೆಡ್‌ಫೋನ್ ಹಾಕಿ 'ಬೀಚ್ ಲೈಫ್ ಇನ್ ಡೆತ್' ಪೂರ್ತಿ ಕೇಳಿ ಸರ್. 2011ರದ್ದನ್ನೇ ಮೊದಲು.